ಎಷ್ಟು ಕೋರ್ ಕೊಂಡರೆ ಗಿಟ್ಟುತ್ತದೆ?

ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಪುಕ್ಕಟೆ ಸಿಗುವುದು ಒಂದೇ, ಸಲಹೆ: 'ಮುಂದಕ್ಕೆ ಬೇಕಾಗತ್ತೆ ಸಾರ್, ದೊಡ್ಡದೇ ತಗೊಂಬಿಡಿ.' ಮನೆಯಲ್ಲೇ ಕೂತು ಆಂಡ್ರಾಯ್ಡ್ ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಹೊಸ ಡೆಸ್ಕ್‌ಟಾಪ್ ಬೇಕಿತ್ತು. ಪ್ರೊಸೆಸರ್‌ನಲ್ಲಿ 8 ಕೋರ್ ಸಾಕೇ, 16 ಬೇಕೇ, ಅಥವಾ ಅಂಗಡಿಯವರ ಮಾತಿಗೆ ಬೆಲೆ ಕೊಟ್ಟು 32ಕ್ಕೇ ಹೋಗಬೇಕೇ?

ಎಎಂಡಿ ಚಿಪ್‌ಗಳನ್ನೇ ನೋಡೋಣ. 8 ಕೋರಿನ ರೈಜನ್ 7 9700ಎಕ್ಸ್ 2024ರಲ್ಲಿ ಬಂದಾಗ 359 ಡಾಲರ್, 16 ಕೋರಿನ ರೈಜನ್ 9 9950ಎಕ್ಸ್ 649 ಡಾಲರ್. ಕೋರಿಗಿಷ್ಟು ಎಂದು ಭಾಗಿಸಿದರೆ ದೊಡ್ಡದೇ ಅಗ್ಗ: 45 ಡಾಲರ್ ಬದಲು 41. ಆದರೆ 32 ಕೋರಿನ ಥ್ರೆಡ್‌ರಿಪ್ಪರ್ 7970ಎಕ್ಸ್ 2023ರಲ್ಲಿ ಬಂದದ್ದು 2,499 ಡಾಲರ್‌ಗೆ, ಕೋರಿಗೆ 78. ಅಷ್ಟಕ್ಕೇ ಮುಗಿಯುವುದಿಲ್ಲ. ಅದಕ್ಕೆ ಮದರ್‌ಬೋರ್ಡೇ ಬೇರೆ. ಮಾಮೂಲಿ ರ‍್ಯಾಮ್ ನಡೆಯದು, ಸರ್ವರ್‌ಗಳಿಗೆ ಹಾಕುವ ರಿಜಿಸ್ಟರ್ಡ್ ರ‍್ಯಾಮೇ ಆಗಬೇಕು. 350 ವಾಟ್‌ಗೆ ತಕ್ಕ ಕೂಲರ್, ತಕ್ಕ ಪವರ್ ಸಪ್ಲೈ, ಕರೆಂಟು ಕೈಕೊಟ್ಟರೆ ತಡೆದುಕೊಳ್ಳುವ ಯುಪಿಎಸ್. ಮದುಮಗನೊಬ್ಬನನ್ನು ಕರೆದರೆ ದಿಬ್ಬಣವೇ ಬಂದಿಳಿಯುತ್ತದೆ.

ಇಷ್ಟು ಸುರಿದರೆ ಸಿಗುವುದೇನು? ಆಂಡ್ರಾಯ್ಡ್ ಕಟ್ಟುವವರಿಗೆ ಗೂಗಲ್ ಕೊಟ್ಟ ಸೂಚನೆಯಲ್ಲೇ ಒಂದು ಲೆಕ್ಕವಿದೆ: ಪೂರ್ತಿ ಬಿಲ್ಡ್‌ಗೆ 6 ಕೋರಿನ ಯಂತ್ರ ಸುಮಾರು 6 ಗಂಟೆ ತೆಗೆದುಕೊಂಡರೆ, 72 ಕೋರಿನದಕ್ಕೆ ಸುಮಾರು 40 ನಿಮಿಷ. ಕೋರ್ 12 ಪಟ್ಟು, ವೇಗ 9 ಪಟ್ಟು. ಇದು ಒಳ್ಳೆಯ ಫಲಿತಾಂಶವೇ, ಏಕೆಂದರೆ ಪೂರ್ತಿ ಬಿಲ್ಡ್ ಚೆನ್ನಾಗಿ ಹಂಚಿಕೊಳ್ಳಬಹುದಾದ ಕೆಲಸ. ಎಲ್ಲ ಕೆಲಸವೂ ಹಾಗಲ್ಲ. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದದಂತೆ, ಕೆಲಸದ ಶೇ 10ರಷ್ಟನ್ನು ಒಂದೇ ಕೋರ್ ಮಾಡಬೇಕಾಗಿದ್ದರೆ 8 ಕೋರಿಗೆ ವೇಗ 4.7 ಪಟ್ಟಾಗುತ್ತದೆ, 16ಕ್ಕೆ 6.4, 32ಕ್ಕೆ ಬರೀ 7.8. ಸಾವಿರ ಕೋರ್ ತಂದರೂ 10 ಪಟ್ಟು ದಾಟದು.

ಅಂಗಡಿಗೆ ಹೋಗುವ ಮೊದಲು ಹಳೆಯ ಯಂತ್ರದಲ್ಲಿ, ಪ್ರತಿ ಕೋರಿನ ದುಡಿಮೆಯನ್ನು ಒಂದೊಂದು ಪಟ್ಟಿಯಾಗಿ ತೋರಿಸುವ ಎಚ್‌ಟಾಪ್ ತೆರೆದಿಟ್ಟು ನನ್ನ ಕೆಲಸವನ್ನೇ ನೋಡಿದೆ. ಒಂದೆರಡು ಫೈಲ್ ತಿದ್ದಿ ಬಿಲ್ಡ್‌ಗೆ ಹಾಕಿದರೆ, ಏನೇನು ಬದಲಾಗಿದೆ ಎಂದು ಅದು ಹುಡುಕುವಷ್ಟು ಹೊತ್ತು ಒಂದೋ ಎರಡೋ ಪಟ್ಟಿ ಮಾತ್ರ ತುಂಬಿರುತ್ತದೆ. ಆಮೇಲೆ ಕ್ಷಣಕಾಲ ಎಲ್ಲ ಪಟ್ಟಿಗಳೂ ಕಿಕ್ಕಿರಿಯುತ್ತವೆ. ಕೊನೆಗೆ ಎಲ್ಲವನ್ನೂ ಜೋಡಿಸುವ ಲಿಂಕಿಂಗ್ ಹಂತದಲ್ಲಿ ಮತ್ತೆ ಒಂದೇ ಪಟ್ಟಿ, ಉಳಿದವು ಖಾಲಿ. ಹಗಲೆಲ್ಲ ನಾನು ಕಾಯುವುದು ಈ ಒಂಟಿ ಕೋರಿಗಾಗಿ. ಅಲ್ಲಿ ದುಬಾರಿ ಥ್ರೆಡ್‌ರಿಪ್ಪರ್‌ನ ಗರಿಷ್ಠ ವೇಗ 5.3 ಗಿಗಾಹರ್ಟ್ಸ್, 9950ಎಕ್ಸ್‌ನದು 5.7.

ಪೂರ್ತಿ ಬಿಲ್ಡ್ ನಾನು ಹಾಕುವುದು ಮಲಗುವ ಮುಂಚೆ. ಅದು ರಾತ್ರಿ ಎರಡಕ್ಕೆ ಮುಗಿದರೂ ನಾಲ್ಕಕ್ಕೆ ಮುಗಿದರೂ ನಾನು ಏಳುವುದು ಆರಕ್ಕೇ. ನಿದ್ದೆಯ ಹೊತ್ತಿನಲ್ಲಿ ಉಳಿಯುವ ಎರಡು ಗಂಟೆಗೆ ಲಕ್ಷಗಟ್ಟಲೆ ಕೊಡಲು ನನಗೆ ಮನಸ್ಸಾಗಲಿಲ್ಲ. ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು ದಿನಕ್ಕೆ ನಾಲ್ಕು ಸಲ ಪೂರ್ತಿ ಬಿಲ್ಡ್ ಮಾಡುವವರ ಲೆಕ್ಕ ಬೇರೆ. ಅವರಿಗೆ 32 ಗಿಟ್ಟೀತು. ಬರೀ ಗೇಮ್ ಆಡುವವರಿಗೆ 8 ಧಾರಾಳ, ಮಿಕ್ಕ ಹಣ ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ.

ನಾನು ಕೊಂಡದ್ದು 16. ಉಳಿದ ದುಡ್ಡಿನಲ್ಲಿ 48 ಜಿಬಿಯ ಎರಡು ರ‍್ಯಾಮ್ ತಂದೆ. ಕಂಪೈಲ್ ಮಾಡುವಾಗ ಪ್ರತಿ ಕೋರೂ ತನ್ನ ಪಾಲಿನ ರ‍್ಯಾಮ್ ಕೇಳುತ್ತದೆ. ಅದಿಲ್ಲದಿದ್ದರೆ ಕೋರ್‌ಗಳು ಡಿಸ್ಕಿನ ದಾರಿ ಕಾಯುತ್ತಾ ಕೂರುತ್ತವೆ. ನಾಲ್ಕು ಸ್ಲಾಟ್ ಇವೆಯಲ್ಲ, ತುಂಬಿಬಿಡಿ ಎಂದರು ಅಂಗಡಿಯಲ್ಲಿ. ನಾಲ್ಕೂ ತುಂಬಿದರೆ ಈ ಚಿಪ್‌ಗೆ ಎಎಂಡಿ ಹೇಳುವ ರ‍್ಯಾಮ್ ವೇಗ 5600ರಿಂದ 3600ಕ್ಕೆ ಇಳಿಯುತ್ತದೆ, ಅದಕ್ಕೇ ಎರಡಕ್ಕೆ ನಿಲ್ಲಿಸಿದೆ.

ಇನ್ನು ತೆರಿಗೆ. ವೃತ್ತಿಗೆ ಬಳಸುವ ಕಂಪ್ಯೂಟರಿನ ಮೇಲೆ ವರ್ಷಕ್ಕೆ ಶೇ 40 ಸವಕಳಿ ತೋರಿಸಬಹುದು. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರರ್ಧ ಮಾತ್ರ. ಆದಾಯದ ಅರ್ಧವನ್ನು ಲಾಭವೆಂದು ಅಂದಾಜಿಸಿ ತೆರಿಗೆ ಕಟ್ಟುವ ಸರಳ ಯೋಜನೆಯಲ್ಲಿರುವವರಿಗೆ ಇದು ಪ್ರತ್ಯೇಕವಾಗಿ ಸಿಗುವುದಿಲ್ಲ, ನಾನು ಅದರಲ್ಲಿಲ್ಲ. ಮಾರ್ಚ್ ಕೊನೆಯೊಳಗೆ ಆ 180 ದಿನ ತುಂಬಲೆಂದು, ದೀಪಾವಳಿ ಆಫರ್‌ವರೆಗೆ ತಡೆಯಿರಿ ಎಂದರೂ ಕೇಳದೆ ಸೆಪ್ಟೆಂಬರ್‌ನಲ್ಲೇ ಬಿಲ್ ಹಾಕಿಸಿದೆ.