ಬಂಡೆಗಲ್ಲಿನ ಕರಲ್ಲುಮ: ಮನೆಯಲ್ಲಿ ಬೆಳೆಸುವ ಬಗೆ

ಕಂಪ್ಲಿಯ ಬಯಲಿನಲ್ಲಿ ತುಂಗಭದ್ರೆಯ ನೀರು ಕಾಲುವೆಗಳಲ್ಲಿ ಹರಿದು ಬತ್ತ, ಬಾಳೆ, ಕಬ್ಬುಗಳನ್ನು ಪೋಷಿಸುತ್ತದೆ. ಅದೇ ಸೀಮೆಯ ಮೆಟ್ರಿ, ದರೋಜಿಗಳ ಕಡೆಗೆ ಹೋದರೆ ನೋಟವೇ ಬೇರೆ. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗ್ರಾನೈಟ್ ಬಂಡೆಗಳು, ನಡುವೆ ಕುರುಚಲು ಕಾಡು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500ರಿಂದ 600 ಮಿಲಿಮೀಟರು ಮಾತ್ರ. ಬೇಸಗೆಯ ನಡುಹಗಲಿನಲ್ಲಿ ಬಂಡೆಯ ಮೇಲೆ ಕೈಯಿಡುವಂತಿಲ್ಲ. ದಖ್ಖನ್ ಪ್ರಸ್ಥಭೂಮಿಯ ಇಂತಹ ಒಣ ನೆಲಕ್ಕೆ ಹೊಂದಿಕೊಂಡು ಬಾಳುವ ರಸಭರಿತ ಸಸ್ಯಗಳಲ್ಲಿ ಕರಲ್ಲುಮವೂ ಒಂದು. ಇದನ್ನು ಮನೆಯ ಕುಂಡದಲ್ಲಿ ಬೆಳೆಸಬಹುದು. ಆದರೆ ಹಾಗೆ ಬೆಳೆಸಿದವರಲ್ಲಿ ಅನೇಕರು ಗಿಡವನ್ನು ಕಳೆದುಕೊಳ್ಳುವುದು ನೀರಿನ ಅಭಾವದಿಂದಲ್ಲ, ನೀರಿನ ಅತಿಶಯದಿಂದ. ಇದರ ಕಾರಣವನ್ನರಿತವನಿಗೆ ಗಿಡದ ಆರೈಕೆ ಸುಲಭಸಾಧ್ಯ.

ಗಿಡದ ಗುರುತು

ಕರಲ್ಲುಮವನ್ನು ಮೊದಲ ನೋಟಕ್ಕೆ ಕಳ್ಳಿಯೆಂದು ಭ್ರಮಿಸುವುದುಂಟು. ವಾಸ್ತವವಾಗಿ ಇದು ಎಕ್ಕದ ಬಳಗಕ್ಕೆ ಸೇರಿದ್ದು. ಕಳ್ಳಿಯನ್ನು ಮುರಿದರೆ ಬಿಳಿಯ ಹಾಲು ಒಸರುತ್ತದೆ. ಕರಲ್ಲುಮವನ್ನು ಮುರಿದರೆ ನೀರಿನಂತಹ ತಿಳಿರಸ ಮಾತ್ರ ಕಾಣುತ್ತದೆ. ಕಾಂಡಕ್ಕೆ ನಾಲ್ಕು ಏಣುಗಳು. ಎಲೆಗಳು ಬಹು ಚಿಕ್ಕವು; ಮೂಡಿದ ಕೆಲಕಾಲದಲ್ಲೇ ಉದುರಿಹೋಗುತ್ತವೆ. ಆದ್ದರಿಂದ ಎಲೆಯ ಕೆಲಸವನ್ನೆಲ್ಲ ಹಸಿರು ಕಾಂಡವೇ ನಿರ್ವಹಿಸುತ್ತದೆ. ಕೆಲವು ಜಾತಿಗಳ ಹೂಗಳಿಗೆ ಕೊಳೆತ ಮಾಂಸದ ವಾಸನೆಯಿದ್ದು, ಅದಕ್ಕೆ ಮರುಳಾದ ನೊಣಗಳು ಪರಾಗಸ್ಪರ್ಶ ನಡೆಸುತ್ತವೆ. ಕಾಯಿಗಳು ಜೋಡಿ ಕೊಂಬುಗಳಂತೆ ನೆಟ್ಟಗೆ ನಿಲ್ಲುತ್ತವೆ. ಬಲಿತು ಒಡೆದಾಗ, ಎಕ್ಕದ ಬೀಜದಂತೆಯೇ ರೇಷ್ಮೆಯ ಕುಚ್ಚುಳ್ಳ ಬೀಜಗಳು ಗಾಳಿಯಲ್ಲಿ ತೇಲಿಹೋಗುತ್ತವೆ.

ಕೋರಮಂಡಲ ತೀರದ ಸಸ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ವಿಲಿಯಂ ರಾಕ್ಸ್‌ಬರ್ಗನು 1795ರಲ್ಲಿ ಈ ಗಿಡವನ್ನು ವರ್ಣಿಸಿ, ತೆಲುಗರು ಇದಕ್ಕೆ ಹೇಳುವ ಹೆಸರನ್ನೂ ದಾಖಲಿಸಿದನು. ಆ ಹೆಸರಿನಿಂದಲೇ ರಾಬರ್ಟ್ ಬ್ರೌನನು 1810ರಲ್ಲಿ ‘ಕರಲ್ಲುಮ’ ಎಂಬ ಕುಲನಾಮವನ್ನು ರಚಿಸಿದನು.

ಇರುಳಿನಲ್ಲಿ ತೆರೆಯುವ ರಂಧ್ರಗಳು

ಸಾಮಾನ್ಯ ಸಸ್ಯಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಪಡೆಯುತ್ತವೆ. ಆದರೆ ಆ ರಂಧ್ರಗಳಿಂದಲೇ ನೀರಿನ ಆವಿ ಹೊರಹೋಗುತ್ತದೆ. ಸುಡುವ ಬಂಡೆಯ ಮೇಲೆ ಈ ವೆಚ್ಚವನ್ನು ಭರಿಸುವಂತಿಲ್ಲ. ಆದಕಾರಣ ಕರಲ್ಲುಮದಂತಹ ಸಸ್ಯಗಳು ತಂಪಾದ ಇರುಳಿನಲ್ಲಿ ರಂಧ್ರಗಳನ್ನು ತೆರೆಯುತ್ತವೆ. ಆಗ ಒಳಸೇರಿದ ಇಂಗಾಲದ ಡೈಆಕ್ಸೈಡು ಮ್ಯಾಲಿಕ್ ಆಮ್ಲದ ರೂಪದಲ್ಲಿ ಜೀವಕೋಶಗಳಲ್ಲಿ ಶೇಖರವಾಗುತ್ತದೆ. ಬೆಳಗಾದೊಡನೆ ರಂಧ್ರಗಳು ಮುಚ್ಚುತ್ತವೆ. ಆಮ್ಲವು ಒಡೆದು ಬಿಡುಗಡೆಯಾದ ಅನಿಲದಿಂದ ಸೂರ್ಯನ ಬೆಳಕಿನಲ್ಲಿ ಸಕ್ಕರೆ ತಯಾರಾಗುತ್ತದೆ.

ಈ ವಿದ್ಯಮಾನದ ಮೊದಲ ಸುಳಿವುಗಳಲ್ಲೊಂದು ನಮ್ಮ ನಾಡಿನೊಡನೆ ಸಂಬಂಧವಿದ್ದ ವಿಜ್ಞಾನಿಯಿಂದ ದೊರೆಯಿತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಕೆಲಕಾಲ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಬೆಂಜಮಿನ್ ಹೈನೆಯು, ಕಾಡುಬಸಳೆಯ ಎಲೆಗಳು ಬೆಳಿಗ್ಗೆ ಹುಳಿಯಾಗಿಯೂ, ಮಧ್ಯಾಹ್ನ ರುಚಿಹೀನವಾಗಿಯೂ, ಸಂಜೆ ಕೊಂಚ ಕಹಿಯಾಗಿಯೂ ಇರುವುದನ್ನು ಗಮನಿಸಿದನು. ಆತನ ಪತ್ರವು 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸೂರ್ಯೋದಯಕ್ಕೊಮ್ಮೆ, ಸೂರ್ಯಾಸ್ತಕ್ಕೊಮ್ಮೆ ಕಾಡುಬಸಳೆಯ ಒಂದೊಂದು ಎಲೆಯನ್ನು ಅರೆದು, ರಸಕ್ಕೆ ಪಿ.ಎಚ್. ಕಾಗದವನ್ನು ತಾಗಿಸಿ ಬಣ್ಣಗಳನ್ನು ಹೋಲಿಸಿರಿ. ರುಚಿ ನೋಡಬೇಡಿರಿ, ಈ ಎಲೆಯಲ್ಲಿ ಹೃದಯಕ್ಕೆ ಹಾನಿಕರವಾದ ದ್ರವ್ಯಗಳಿವೆ.

ಕುಂಡ, ಮಣ್ಣು, ನೀರು

ಮೇಲಿನ ವಿವರಣೆಯಿಂದ ಆರೈಕೆಯ ನಿಯಮಗಳೆಲ್ಲ ತಾವಾಗಿಯೇ ಹೊರಡುತ್ತವೆ. ಆವಿಯಾಗಿ ಹೋಗುವ ನೀರು ಅತ್ಯಲ್ಪವಾದ್ದರಿಂದ ಬೇರುಗಳು ಮಣ್ಣಿನಿಂದ ಹೀರುವುದೂ ಅತ್ಯಲ್ಪ. ನಾವು ದಿನವೂ ನೀರೆರೆದರೆ ಅದು ಮಣ್ಣಿನಲ್ಲಿಯೇ ನಿಂತು ಗಾಳಿಯ ದಾರಿಗಳನ್ನು ಮುಚ್ಚುತ್ತದೆ. ಬೇರುಗಳು ಉಸಿರುಕಟ್ಟಿ ಸಾಯುತ್ತವೆ. ಅವುಗಳ ಮೂಲಕ ಶಿಲೀಂಧ್ರಗಳು ಕಾಂಡವನ್ನು ಪ್ರವೇಶಿಸುತ್ತವೆ.

ಆದ್ದರಿಂದ ತಳದಲ್ಲಿ ರಂಧ್ರವಿರುವ, ಹತ್ತು ಹನ್ನೆರಡು ಸೆಂಟಿಮೀಟರು ಅಗಲದ ಮಣ್ಣಿನ ಕುಂಡವನ್ನು ಆರಿಸಿರಿ. ಎರಡು ಪಾಲು ದಪ್ಪ ಮರಳು ಮತ್ತು ಇಟ್ಟಿಗೆಚೂರು, ಒಂದು ಪಾಲು ಕೆಮ್ಮಣ್ಣು, ಒಂದು ಹಿಡಿ ಎಲೆಗೊಬ್ಬರ ಸಾಕು. ಎಂಟು ಹತ್ತು ಸೆಂಟಿಮೀಟರು ಉದ್ದದ ಕಾಂಡದ ತುಂಡನ್ನು ಹರಿತವಾದ ಚಾಕುವಿನಿಂದ ಕತ್ತರಿಸಿ, ಗಾಯವು ಒಣಗಿ ಬಿರುಸಾಗುವ ತನಕ ಸುಮಾರು ಒಂದು ವಾರ ನೆರಳಿನಲ್ಲಿಡಿರಿ. ಬಳಿಕ ಒಂದೆರಡು ಸೆಂಟಿಮೀಟರು ಆಳಕ್ಕೆ ನೆಟ್ಟು, ಮತ್ತೊಂದು ವಾರ ಕಳೆದ ಮೇಲೆ ಮಿತವಾಗಿ ನೀರು ಹಾಕಿರಿ.

ಬೆಳವಣಿಗೆಯ ಕಾಲವಾದ ಮಳೆಗಾಲದಲ್ಲಿ ಮಣ್ಣು ಪೂರ್ತಿ ಒಣಗಿದ ಮೇಲೆ, ಏಳೆಂಟು ದಿನಗಳಿಗೊಮ್ಮೆ ನೀರು ಸಾಕು. ಜಡಿಮಳೆಗೆ ಕುಂಡವನ್ನು ಒಡ್ಡಬಾರದು. ಚಳಿಗಾಲದಲ್ಲಿ ಮೂರು ವಾರಗಳಿಗೊಮ್ಮೆ ಕೊಂಚವೇ ಹನಿಸಬೇಕು. ಬೆಳಗಿನ ಬಿಸಿಲು ಹಿತ. ಬೇಸಗೆಯ ನಡುಹಗಲಿನಲ್ಲಿ ತೆಳುನೆರಳು ಬೇಕು, ಏಕೆಂದರೆ ಕಾಡಿನಲ್ಲಿಯೂ ಇದಕ್ಕೆ ಪೊದೆಯ ಮರೆಯಿರುತ್ತದೆ. ಹಿಟ್ಟುತಿಗಣೆ ಕಂಡರೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿರಿ. ಬುಡ ಕಪ್ಪಾಗಿ ಮೆತ್ತಗಾದರೆ ತಡಮಾಡದೆ ಮೇಲಿನ ಗಟ್ಟಿ ಭಾಗವನ್ನು ಕತ್ತರಿಸಿ, ಒಣಗಿಸಿ, ಹೊಸ ಮಣ್ಣಿನಲ್ಲಿ ನೆಡಬೇಕು.

ಒಂದು ತುಂಡು ಸಾಕು

ಕರಲ್ಲುಮದ ಸಮೀಪ ಬಂಧುವಾದ ಫ್ರೇರಿಯ ಇಂಡಿಕವನ್ನು 1865ರಲ್ಲಿ ಡಾಲ್ಜೆಲನು ವರ್ಣಿಸಿ, ಮುಂಬಯಿಯ ಗವರ್ನರ್ ಬಾರ್ಟಲ್ ಫ್ರೇರನ ಹೆಸರಿಟ್ಟನು. ಅದು ಮಹಾರಾಷ್ಟ್ರದ ಸಹ್ಯಾದ್ರಿಯ ಕೆಲವೇ ಕಡಿಬಂಡೆಗಳಲ್ಲಿ ಉಳಿದಿರುವ ಅಪರೂಪದ ಸಸ್ಯ. ಮಳೆಗಾಲದಲ್ಲಿ ಅದರ ಎಲೆಗಳು ಇತರ ಗಿಡಗಳಂತೆ ಹಗಲಿನಲ್ಲಿ ಅನಿಲ ಹೀರುತ್ತವೆ. ಎಲೆ ಉದುರಿದ ಒಣಗಾಲದಲ್ಲಿ ಕಾಂಡವು ಇರುಳಿನ ಪದ್ಧತಿಯಿಂದ ಬದುಕುತ್ತದೆ. ಇದು 1977ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ಕಾಡಿನಲ್ಲಿ ಇಷ್ಟು ವಿರಳವಾದ ಈ ಸಸ್ಯವೂ ಕುಂಡದಲ್ಲಿ ತುಂಡಿನಿಂದಲೇ ಸುಲಭವಾಗಿ ಚಿಗುರುತ್ತದೆ.

ಹಾಗಿರುವಾಗ ಗುಡ್ಡದಿಂದ ಗಿಡವನ್ನು ಬೇರುಸಹಿತ ಕಿತ್ತು ತರುವುದಕ್ಕೆ ಏನು ಸಮರ್ಥನೆಯಿದೆ? ಹಸಿವನ್ನು ತಗ್ಗಿಸುವುದೆಂಬ ಹೆಸರಿನಲ್ಲಿ ಕರಲ್ಲುಮದ ಸಾರವು ಇಂದು ದೇಶವಿದೇಶಗಳಲ್ಲಿ ಮಾರಾಟವಾಗುತ್ತಿದೆ. ಬಂಡೆಯ ಬಿರುಕಿನಲ್ಲಿ ನಿಧಾನವಾಗಿ ಬೆಳೆಯುವ ಗಿಡವನ್ನು ಕೀಳುವುದು ಕ್ಷಣದ ಕೆಲಸ. ಆ ಬಿರುಕಿನಲ್ಲಿ ಮತ್ತೊಂದು ಬೀಜ ಬಿದ್ದು ಬೇರೂರುವುದು ಕೇವಲ ಅದೃಷ್ಟ. 1994ರಲ್ಲಿ ಸ್ಥಾಪಿತವಾದ ದರೋಜಿ ಕರಡಿಧಾಮದಂತಹ ರಕ್ಷಿತ ಪ್ರದೇಶಗಳಿಂದ ಅನುಮತಿಯಿಲ್ಲದೆ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಬೆಳೆಸಿದವರಿಂದಲೋ ಸಸಿತೋಟದಿಂದಲೋ ಒಂದು ತುಂಡನ್ನು ಪಡೆಯಿರಿ. ಅದು ಕವಲೊಡೆದಾಗ ಒಂದು ಕವಲನ್ನು ಗೆಳೆಯನಿಗೆ, ಇನ್ನೊಂದನ್ನು ಶಾಲೆಯ ತೋಟಕ್ಕೆ ಕೊಡಿರಿ. ಹೀಗೆ ಕೈಯಿಂದ ಕೈಗೆ ಹರಡಿದ ಪ್ರತಿಯೊಂದು ಕುಂಡವೂ ಗುಡ್ಡದ ಒಂದು ಗಿಡವನ್ನು ಅದರ ಪಾಡಿಗೆ ಉಳಿಯಗೊಡುತ್ತದೆ.