ಮೊಬೈಲ್ ಆ್ಯಪ್‌ಗಳ ಸುಧಾರಣೆಯೂ ರೈತರ ಅನುಭವವೂ

ನೇಗಿಲನ್ನು ಮಾಡಿಕೊಡುವ ಬಡಗಿಯು ಎತ್ತುಗಳ ಎತ್ತರವನ್ನೂ, ಭೂಮಿಯ ಗುಣವನ್ನೂ, ಉಳತಕ್ಕವನ ನಿಲುವನ್ನೂ ನೋಡಿಕೊಂಡೇ ಬಾಚಿಯನ್ನು ಎತ್ತುವನು. ನೇಗಿಲು ಸರಿಯಾಗಿ ಊರದಿದ್ದರೆ ರೈತನು ಮಾರನೆಯ ದಿನವೇ ಅದನ್ನು ಬಡಗಿಯ ಮುಂದಿಡುವನು. ದೋಷವು ನೇಗಿಲಿನದೆಂಬುದನ್ನು ಇಬ್ಬರೂ ಬಲ್ಲರು. ಮೊಬೈಲ್ ಫೋನಿನ ಆ್ಯಪ್‌ಗಳ ವಿಷಯದಲ್ಲಿ ಹೀಗೆ ನಡೆಯುವುದಿಲ್ಲ. ಅವುಗಳನ್ನು ರಚಿಸುವವರು ದೂರದ ನಗರದಲ್ಲಿರುವರು. ಉಪಯೋಗಿಸುವವನು ಹೊಲದ ಬದುವಿನ ಮೇಲಿರುವನು. ಕೆಲಸವು ಮುಂದೆ ಸಾಗದಿದ್ದರೆ ಅವನು "ನನಗೆ ಓದು ಸಾಲದು" ಎಂದು ತನ್ನನ್ನೇ ಹಳಿದುಕೊಂಡು ಸುಮ್ಮನಾಗುವನು. ಆದಕಾರಣ ದೋಷವು ಆ್ಯಪ್‌ನಲ್ಲಿಯೇ ಉಳಿಯುವುದು. ನಷ್ಟವು ರೈತನ ಪಾಲಿಗೆ ಬರುವುದು.

1. ವಿಷಯದ ಮಹತ್ವ

ಕರ್ನಾಟಕದಲ್ಲಿ 2020ರ ಮುಂಗಾರಿನಲ್ಲಿ ರೈತರು ತಮ್ಮ ಜಮೀನಿನ ಬೆಳೆಯ ವಿವರವನ್ನು ಫೋಟೋ ಸಹಿತವಾಗಿ ತಾವೇ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ದಾಖಲಿಸುವ ಏರ್ಪಾಡು ಬಂದಿತು. ಬೆಳೆ ವಿಮೆ, ಬೆಳೆನಷ್ಟ ಪರಿಹಾರ, ಬೆಂಬಲ ಬೆಲೆಯ ಖರೀದಿ ಮುಂತಾದವುಗಳಿಗೆ ಇಂತಹ ದಾಖಲೆಗಳೇ ಆಧಾರವಾಗುವುವು. ರಾಗಿಯ ಹೊಲದಲ್ಲಿ ಅವರೆಯನ್ನೂ ತೊಗರಿಯನ್ನೂ ಅಕ್ಕಡಿ ಸಾಲಾಗಿ ಬಿತ್ತಿರುವ ರೈತನನ್ನು ಯಾವುದಾದರೊಂದು ಆ್ಯಪ್ "ಬೆಳೆ ಯಾವುದು" ಎಂದು ಮಾತ್ರ ಕೇಳಿತೆಂದು ಭಾವಿಸಬಹುದು. ಮೂರರಲ್ಲಿ ಯಾವುದನ್ನು ಹೇಳಬೇಕೆಂಬುದು ಅವನಿಗೆ ತಿಳಿಯದು. ಅವನು ಒಂದನ್ನು ಒತ್ತಿದರೆ ಉಳಿದೆರಡು ಲೆಕ್ಕಕ್ಕೆ ಬಾರದೆ ಹೋಗುವುವು. ಪ್ರಶ್ನೆಯನ್ನು ಬರೆದವರು ಒಂದು ಸಲ ಆ ಹೊಲದಲ್ಲಿ ನಿಂತಿದ್ದರೆ ಈ ತೊಡಕು ಹುಟ್ಟುತ್ತಿರಲಿಲ್ಲ.

2. ಪರಿಶೀಲನೆಯ ಕ್ರಮ

ಆ್ಯಪ್ ಒಂದನ್ನು ತಿದ್ದುವುದಕ್ಕೆ ಮುಂಚೆ ಅದನ್ನು ಬಳಸುವವರನ್ನು ಕ್ರಮವಾಗಿ ನೋಡಿ ತಿಳಿಯುವುದಕ್ಕೆ ಬಳಕೆದಾರರ ಪರಿಶೀಲನೆಯೆಂದು ಹೆಸರು. ಇದರಲ್ಲಿ ಗಮನಿಸತಕ್ಕ ಅಂಶಗಳಾವುವೆಂದರೆ:

(ಅ) ಕಚೇರಿಯಲ್ಲಿ ಕುಳಿತು ಕೇಳದೆ, ಕೆಲಸ ನಡೆಯುವ ಸ್ಥಳದಲ್ಲಿಯೇ ನೋಡತಕ್ಕದ್ದು. ಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಷರಗಳು ಕಾಣುವುವೇ, ಮಣ್ಣಾದ ಬೆರಳಿನ ಒತ್ತು ತಗಲುವುದೇ, ಸಿಗ್ನಲ್ ಇಲ್ಲದೆಡೆ ತುಂಬಿದ ವಿವರವು ಉಳಿಯುವುದೇ ಎಂಬುದು ಹೊಲದಲ್ಲಿಯೇ ಗೊತ್ತಾಗಬೇಕು.

(ಆ) "ಚೆನ್ನಾಗಿದೆಯೇ" ಎಂದು ಕೇಳಬಾರದು. ಬಂದ ಅತಿಥಿಗೆ ಇಲ್ಲವೆನ್ನುವ ರೂಢಿ ಹಳ್ಳಿಗಳಲ್ಲಿಲ್ಲ. ಅದಕ್ಕೆ ಬದಲಾಗಿ, "ಈ ಸರ್ವೆ ನಂಬರಿನ ಬೆಳೆಯನ್ನು ದಾಖಲಿಸಿರಿ" ಎಂದು ಒಂದು ಕೆಲಸವನ್ನು ಒಪ್ಪಿಸಿ, ನಡುವೆ ಬಾಯಿ ಹಾಕದೆ, ಎಲ್ಲಿ ಕೈ ತಡೆಯಿತು, ಎಲ್ಲಿ ತಪ್ಪು ಗುಂಡಿಯನ್ನು ಒತ್ತಿದರು ಎಂಬುದನ್ನು ಬರೆದುಕೊಳ್ಳತಕ್ಕದ್ದು.

(ಇ) ಬೇರೆ ಬೇರೆ ವರ್ಗಗಳಿಂದ ಕೆಲವರನ್ನಾದರೂ ನೋಡಬೇಕು. ಒಂದೇ ಸ್ಥಳದಲ್ಲಿ ಹಲವರು ತಡೆದು ನಿಂತರೆ, ತಪ್ಪು ಜನರದಲ್ಲ, ರಚನೆಯದೆಂದು ತಿಳಿಯಬೇಕು.

(ಈ) ತಿದ್ದಿದ ತರುವಾಯ ಪುನಃ ಬೇರೆಯವರ ಕೈಯಲ್ಲಿ ಪರೀಕ್ಷಿಸತಕ್ಕದ್ದು. ಒಂದು ತೊಡಕನ್ನು ಕಳೆಯುವಾಗ ಮತ್ತೊಂದು ಹುಟ್ಟುವುದುಂಟು.

3. ಗುಜರಾತಿನ ನಿದರ್ಶನ

ತಿಳಿದವರ ಊಹೆಯೂ ಹೇಗೆ ತಪ್ಪಬಹುದೆಂಬುದಕ್ಕೆ ಗುಜರಾತಿನ "ಅವಾಜ್ ಓಟಲೋ" ಎಂಬ ಸೇವೆಯು ಸಾಕ್ಷಿಯಾಗಿದೆ. ಈ ಹೆಸರಿಗೆ ದನಿಯ ಜಗುಲಿಯೆಂದು ಅರ್ಥ. ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾನಿಲಯದವರು, ಐ.ಬಿ.ಎಂ. ಸಂಸ್ಥೆಯ ಭಾರತದ ಸಂಶೋಧನಾಲಯದವರು, ಗುಜರಾತಿನ ಡೆವಲಪ್‌ಮೆಂಟ್ ಸಪೋರ್ಟ್ ಸೆಂಟರಿನವರು ಮೊದಲಾದವರು ಕೂಡಿ 2008ರ ಸುಮಾರಿನಲ್ಲಿ ಇದನ್ನು ರೂಪಿಸಿದರು. ಸಣ್ಣ ರೈತರು ಸಾಧಾರಣ ಫೋನಿನಿಂದ ಕರೆ ಮಾಡಿ ಬೇಸಾಯದ ಪ್ರಶ್ನೆಗಳನ್ನು ಕೇಳುವುದಕ್ಕೂ ಇತರರ ಪ್ರಶ್ನೋತ್ತರಗಳನ್ನು ಆಲಿಸುವುದಕ್ಕೂ ಇದರಲ್ಲಿ ಅನುಕೂಲವಿತ್ತು.

ಕರೆ ಮಾಡಿದವನು ತನಗೆ ಬೇಕಾದುದನ್ನು ಬಾಯಿಂದ ಹೇಳಬೇಕೋ ಅಥವಾ ಫೋನಿನ ಅಂಕಿಗಳನ್ನು ಒತ್ತಬೇಕೋ ಎಂಬ ಪ್ರಶ್ನೆಯು ಎದ್ದಿತು. ಓದು ಕಡಿಮೆಯಾದವರಿಗೆ ಮಾತೇ ಸುಲಭವೆಂದು ಯಾರಿಗಾದರೂ ತೋರುವುದು ಸಹಜ. ಆದರೆ 45 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತಿನ ಕ್ರಮವನ್ನೂ ಮತ್ತೊಂದಕ್ಕೆ ಅಂಕಿಯ ಕ್ರಮವನ್ನೂ ಕೊಟ್ಟು ಪರೀಕ್ಷಿಸಲಾಗಿ, ಅಂಕಿಗಳನ್ನು ಒತ್ತಿದವರೇ ಹೆಚ್ಚಾಗಿ ಕೆಲಸವನ್ನು ಪೂರೈಸಿದರು. 2009ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ, 30 ವರ್ಷಕ್ಕೆ ಕೆಳಗಿನವರಲ್ಲಿಯೂ ಎಂಟನೆಯ ತರಗತಿಗಿಂತ ಕಡಿಮೆ ಓದಿದವರಲ್ಲಿಯೂ ಈ ವ್ಯತ್ಯಾಸವು ವಿಶೇಷವಾಗಿ ಕಂಡುಬಂದಿತು. ಊಹೆಯನ್ನೇ ನಂಬಿದ್ದರೆ, ಯಾರ ಅನುಕೂಲಕ್ಕೆಂದು ಸೇವೆಯು ಹುಟ್ಟಿತೋ ಅವರಿಗೇ ಅದು ದುರ್ಲಭವಾಗುತ್ತಿತ್ತು.

ತರುವಾಯ 51 ರೈತರು ಏಳು ತಿಂಗಳು ಈ ಸೇವೆಯನ್ನು ಬಳಸಿದ ರೀತಿಯನ್ನು ಗಮನಿಸಲಾಯಿತು. ಪ್ರಶ್ನೋತ್ತರದ ವಿಭಾಗವೇ ಅವರಿಗೆ ಹೆಚ್ಚು ಪ್ರಿಯವಾಗಿತ್ತು. ಬಲ್ಲ ಅಧಿಕಾರಿಗಳ ಉತ್ತರವೂ ಬೇಕು, ತಮ್ಮಂತಹ ರೈತರೊಡನೆ ಮುಕ್ತವಾದ ಮಾತುಕತೆಯೂ ಬೇಕು ಎಂಬ ಅಪೇಕ್ಷೆಯು ಅವರಲ್ಲಿ ಕಂಡುಬಂದಿತು. ಜಗುಲಿಯ ಮೇಲೆ ನಡೆಯುವುದೂ ಇದೇ ಅಲ್ಲವೇ.

4. ಬೆಂಗಳೂರಿನ ನಿದರ್ಶನ

ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧನಾಲಯದ ಇಂದ್ರಾಣಿ ಮೇಧಿ ಮತ್ತು ಅವರ ಸಹೋದ್ಯೋಗಿಗಳು, ಮನೆಗೆಲಸದ ಉದ್ಯೋಗವನ್ನು ಹುಡುಕುವ ಓದುಬಾರದ ಹೆಂಗಸರಿಗಾಗಿ, ಅಕ್ಷರವಿಲ್ಲದೆ ಚಿತ್ರ ಮತ್ತು ದನಿಗಳಿಂದಲೇ ನಡೆಯುವ ಗಣಕಯಂತ್ರದ ಏರ್ಪಾಡೊಂದನ್ನು ರಚಿಸಿ 2006ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಬಡಾವಣೆಗಳಿಗೆ ಹೋಗಿ ಆ ಹೆಂಗಸರೊಡನೆ ಪರೀಕ್ಷಿಸಿದಾಗ, ಬರಿಯ ವಸ್ತುವಿನ ಚಿತ್ರವು ಕೆಲಸವನ್ನು ಸೂಚಿಸದೆಂದೂ, ಕೊಳಾಯಿಯಿಂದ ನೀರು ಸುರಿಯುವಂತೆ ಕ್ರಿಯೆಯನ್ನು ತೋರಿದರೆ ಮಾತ್ರ ಅರ್ಥವಾಗುವುದೆಂದೂ ತಿಳಿಯಿತು. ಅಕ್ಷರ ಬಾರದವರಲ್ಲಿ ಅನೇಕರು ಅಂಕಿಗಳನ್ನು ಬಲ್ಲರೆಂಬುದೂ ಗೊತ್ತಾಯಿತು. ವ್ಯವಸಾಯದ ಆ್ಯಪ್‌ಗಳಿಗೂ ಈ ಪಾಠವು ಅನ್ವಯಿಸುವುದು.

5. ಗ್ರಾಮದ ಯಜಮಾನರ ಕರ್ತವ್ಯ

ಪರಿಶೀಲನೆಗಾಗಿ ಯಾರಾದರೂ ಹಳ್ಳಿಗೆ ಬಂದರೆ, ಗೌರವದ ದೃಷ್ಟಿಯಿಂದ ಯಜಮಾನರನ್ನೂ ಕಾಲೇಜಿನಲ್ಲಿ ಓದುತ್ತಿರುವ ಹುಡುಗರನ್ನೂ ಮುಂದೆ ಕೂರಿಸುವುದು ವಾಡಿಕೆ. ಇವರ ಕೈಯಲ್ಲಿ ಆ್ಯಪ್ ಸರಾಗವಾಗಿ ನಡೆಯುವುದು. ಬಂದವರು ಸಂತೋಷದಿಂದ ಹಿಂದಿರುಗುವರು. ಊರಿನ ತೊಡಕು ಹಾಗೆಯೇ ನಿಲ್ಲುವುದು. ಆದಕಾರಣ ತನ್ನ ಹೆಸರಿನಲ್ಲಿ ಒಂದೆರಡು ಎಕರೆ ಇರುವ ವಿಧವೆ, ಕಣ್ಣು ಮಂದವಾದ ವೃದ್ಧ, ಮಗನ ಫೋನನ್ನೇ ನಂಬಿರುವ ಒಕ್ಕಲಿಗ, ಇಂತಹವರನ್ನು ಮುಂದೆ ಮಾಡಿ, ಅವರು ತಡೆದಾಗ ಯಜಮಾನರು ತಾವು ಉತ್ತರ ಹೇಳದೆ ಸುಮ್ಮನಿರುವುದು ಉತ್ತಮ. ಪರೀಕ್ಷೆಯು ಆ್ಯಪ್‌ನದು, ಮನುಷ್ಯನದಲ್ಲವೆಂದು ಮೊದಲೇ ಧೈರ್ಯ ಹೇಳಬೇಕು.

ಯಾರೂ ಬಾರದಿದ್ದರೂ ಸುಮ್ಮನಿರಬೇಕಾದುದಿಲ್ಲ. ತೊಡಕು ಬಂದಾಗ, ಯಾವ ಪುಟದಲ್ಲಿ ಬಂತು, ಏನನ್ನು ಒತ್ತಲಾಯಿತು, ಏನಾಗಬೇಕಿತ್ತು, ಏನಾಯಿತು, ಫೋನ್ ಯಾವುದು ಎಂಬ ಐದು ಸಂಗತಿಗಳನ್ನು ಬರೆದು ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬಹುದು. "ಆ್ಯಪ್ ಕೆಲಸ ಮಾಡುವುದಿಲ್ಲ" ಎಂಬ ಒಂದು ಮಾತಿನಿಂದ ತಿದ್ದುವವರಿಗೆ ಏನೂ ತಿಳಿಯದು. ಆದರೆ ಫೋನಿಗೆ ಬರುವ ಗುಪ್ತ ಸಂಖ್ಯೆಯನ್ನು ಮಾತ್ರ ಯಾರಿಗೂ ಹೇಳಕೂಡದು.

ನೇಗಿಲು ಊರದಿದ್ದರೆ ಬಡಗಿಯ ಬಳಿಗೆ ಹೋಗಲು ರೈತನು ನಾಚುವುದಿಲ್ಲ. ಕೈಯಲ್ಲಿರುವ ಈ ಹೊಸ ಉಪಕರಣದ ವಿಷಯದಲ್ಲಿಯೂ ಅವನು ನಾಚದಂತೆ ಮಾಡುವುದು ಗ್ರಾಮದ ಹಿರಿಯರಿಂದ ಆಗತಕ್ಕ ಉಪಕಾರವಾಗಿದೆ.