ಕಾರಿನ ಬಿಡಿಭಾಗ, ವಿಮಾನದ ಇಂಜಿನ್: ಆಯ್ಕೆಯಿಂದ ಪರೀಕ್ಷೆಯವರೆಗೆ

ಬಸವಕಲ್ಯಾಣ, ಹುಮನಾಬಾದ್‌ ಗ್ಯಾರೇಜುಗಳಲ್ಲಿ ಇಂಜಿನ್ ಬಿಚ್ಚಿ ಕಟ್ಟಬಲ್ಲ ಕೈಗಳಿಗೆ ಕೊರತೆಯಿಲ್ಲ. ಬೀದರ್ ವಾಯುಪಡೆ ನೆಲೆಯ ತರಬೇತಿ ವಿಮಾನಗಳನ್ನು ನೋಡುತ್ತ ಬೆಳೆದ ಹುಡುಗರಿಗೆ ಸ್ವಂತ ವಿಮಾನ ಕಟ್ಟುವ ಆಸೆ ಹುಟ್ಟುವುದೂ ಸಹಜ. ಇದು ಆಗದ ಮಾತೇನಲ್ಲ. ಅಮೆರಿಕದ ಬರ್ನಾರ್ಡ್ ಪೀಟೆನ್‌ಪೋಲ್ 1929ರಲ್ಲೇ ಫೋರ್ಡ್ ಕಾರಿನ ಇಂಜಿನ್‌ನಿಂದ ವಿಮಾನ ಹಾರಿಸಿದ್ದರು. ಆದರೆ ಹೆದ್ದಾರಿಯಲ್ಲಿ ಕಾರಿನ ಇಂಜಿನ್ ತನ್ನ ಶಕ್ತಿಯ ಸ್ವಲ್ಪ ಪಾಲನ್ನಷ್ಟೇ ಬಳಸುತ್ತದೆ. ವಿಮಾನದಲ್ಲಿ ಅದೇ ಇಂಜಿನ್ ಶೇ 75ರಷ್ಟು ಶಕ್ತಿಯಲ್ಲಿ ಗಂಟೆಗಟ್ಟಲೆ ದುಡಿಯಬೇಕು. ಕೆಳಗಿನ ಹಂತಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿರಲಿ.

1. ಮೊದಲು ಅನುಮತಿ: ಹಾರಾಟಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಪ್ಪಿಗೆ ಬೇಕೇ ಬೇಕು. ಬೀದರ್ ಸುತ್ತಲಿನ ಆಕಾಶದಲ್ಲಿ ವಾಯುಪಡೆಯ ಹಾರಾಟವಿದೆ. ಅನುಮತಿ ಇಲ್ಲದೆ ಹಾರಿಸಲೇಬೇಡಿ.

2. ಇಂಜಿನ್ ಆಯ್ಕೆ: ವಿದೇಶದ ಹವ್ಯಾಸಿಗಳು ಸುಜುಕಿ ಜಿ-ಸರಣಿಯ ಹಗುರ ಇಂಜಿನ್‌ಗಳನ್ನು ಬಳಸಿದ್ದಾರೆ. ನಮ್ಮಲ್ಲಿ ಮಾರುತಿ ಜಿಪ್ಸಿಯ 1.3 ಲೀಟರ್ ಇಂಜಿನ್ ಅದೇ ಬಳಗದ್ದು. ಹಳೇ ಇಂಜಿನ್ ಕೊಳ್ಳುವಾಗ ಅದರ ಪೂರ್ವಾಪರ ತಿಳಿದಿರಲಿ. ಒಮ್ಮೆ ಹೀಟ್ ಆಗಿ ಜಾಮ್ ಆದದ್ದು, ಅಪಘಾತದ ಗಾಡಿಯದ್ದು ಬೇಡ.

3. ಬಿರುಕು ತಪಾಸಣೆ: ಕ್ರ್ಯಾಂಕನ್ನು ಕಣ್ಣಳತೆಯಲ್ಲಿ ನಂಬದೆ ಮ್ಯಾಗ್ನೆಟಿಕ್ ತಪಾಸಣೆ ಮಾಡಿಸಿ. ಬೇರಿಂಗ್, ರಿಂಗ್, ಕನೆಕ್ಟಿಂಗ್ ರಾಡ್ ಬೋಲ್ಟ್ ಎಲ್ಲವೂ ಹೊಸದಾಗಿರಲಿ. ಬಿಗಿಯುವುದು ಟಾರ್ಕ್ ರೆಂಚ್‌ನಿಂದಲೇ.

4. ವೇಗ ತಗ್ಗಿಸುವ ಗೇರ್: 1.5 ಮೀಟರ್ ಪ್ರೊಪೆಲರ್ 5,500 ಆರ್‌ಪಿಎಂನಲ್ಲಿ ತಿರುಗಿದರೆ ಅದರ ತುದಿ ಸೆಕೆಂಡಿಗೆ 430 ಮೀಟರ್ ಸಾಗಿ ಶಬ್ದದ ವೇಗವನ್ನೇ ಮೀರುತ್ತದೆ. ಆಗ ಎಳೆಯುವ ಶಕ್ತಿ ಕುಸಿಯುತ್ತದೆ, ಅದಕ್ಕೇ ನಡುವೆ ಗೇರ್ ಬೇಕು. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್‌ಎಎಲ್ ರೂಪಿಸಿದ ಹಂಸ-3 ವಿಮಾನದ ರೋಟಾಕ್ಸ್ ಇಂಜಿನ್‌ನಲ್ಲೂ ಈ ಕಾರಣಕ್ಕೇ ಗೇರ್ ಇದೆ. ಪ್ರೊಪೆಲರ್‌ನ ಎಳೆತವನ್ನು ಗೇರ್‌ಬಾಕ್ಸ್‌ನ ಥ್ರಸ್ಟ್ ಬೇರಿಂಗ್ ಹೊರಬೇಕು, ಕ್ರ್ಯಾಂಕ್ ಅಲ್ಲ. ತಿರುಚು ಕಂಪನ ಶಾಫ್ಟನ್ನೇ ಮುರಿಯಬಲ್ಲದು. ಆದ್ದರಿಂದ ಗೇರ್‌ಬಾಕ್ಸನ್ನು ಸ್ಥಳೀಯ ಲೇತ್‌ನಲ್ಲಿ ಅಂದಾಜಿನಿಂದ ಮಾಡಿಸಬೇಡಿ.

5. ಇಗ್ನಿಷನ್: ಕಾಯಿಲ್, ವೈರಿಂಗ್, ವಿದ್ಯುತ್ ಪೂರೈಕೆ ಎಲ್ಲವೂ ಎರಡೆರಡು ಬೇಕು. ಒಂದು ಕೈಕೊಟ್ಟರೆ ಇನ್ನೊಂದು ಇಂಜಿನ್ ನಡೆಸಬೇಕು.

6. ಇಂಧನ, ತಂಪು: ಎಥೆನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರ್ ಪೈಪನ್ನು ತಿನ್ನುತ್ತದೆ, ನೀರನ್ನೂ ಹೀರುತ್ತದೆ. ಎಥೆನಾಲ್ ತಡೆಯುವ ಪೈಪು, ಸೀಲುಗಳನ್ನೇ ಹಾಕಿ. ಎಕ್ಸಾಸ್ಟ್ ಪಕ್ಕ ಇಂಧನದ ಪೈಪು ಹಾಯಿಸಬೇಡಿ. ಪೆಟ್ರೋಲ್ ಆವಿಯಾಗಿ ಹರಿವು ಕಡಿಯುತ್ತದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುವುದರಿಂದ ರೇಡಿಯೇಟರ್ ಆ ಬಿಸಿಲನ್ನೇ ಲೆಕ್ಕ ಹಿಡಿದು ಆರಿಸಿ.

7. ನೆಲದ ಪರೀಕ್ಷೆ: ಇಂಜಿನ್ನನ್ನು ಗಟ್ಟಿ ಸ್ಟ್ಯಾಂಡಿಗೆ ಬಿಗಿದು, ಪ್ರೊಪೆಲರ್ ಸುತ್ತ ಬೇಲಿ ಹಾಕಿ, ಅದರ ನೇರದಲ್ಲಿ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಎಣ್ಣೆಯ ಒತ್ತಡ, ಉಷ್ಣತೆ ಬರೆದಿಡಿ. ಪ್ರಮಾಣಪತ್ರ ಬೇಕಾದ ವಿಮಾನ ಇಂಜಿನ್‌ಗಳಿಗೆ ಅಮೆರಿಕದ ನಿಯಮದಲ್ಲಿ 150 ಗಂಟೆಗಳ ತಾಳಿಕೆ ಪರೀಕ್ಷೆಯಿದೆ. ನಿಮ್ಮ ಗುರಿಯೂ ಅದೇ ಆಗಿರಲಿ. ನಂತರ ಮತ್ತೆ ಬಿಚ್ಚಿ ಸವೆತ ಅಳೆಯಿರಿ.

ಪಾಲಿಟೆಕ್ನಿಕ್, ಐಟಿಐ ವಿದ್ಯಾರ್ಥಿಗಳೇ, ಮೊದಲು ಸ್ಟ್ಯಾಂಡಿನ ಮೇಲೆ ದಣಿಯದೆ ಓಡುವ ಒಂದು ಇಂಜಿನ್ ಕಟ್ಟಿ. ಪರವಾನಗಿ ಪಡೆದ ವಿಮಾನ ನಿರ್ವಹಣಾ ಇಂಜಿನಿಯರ್ ನೋಡಿ ಒಪ್ಪುವವರೆಗೆ ಅದನ್ನು ವಿಮಾನಕ್ಕೆ ಜೋಡಿಸಬೇಡಿ.